ನೂರಕ್ಕೆ ನೂರು ಹಸಿರು

ಮಾರ್ಚ್ ತಿಂಗಳು ಬಂತು ಅಂದರೆ ನಮ್ಮ ಕಂಪನಿಗಳಲ್ಲಿ ಎರಡು ಜ್ವರ ಶುರುವಾಗುತ್ತವೆ. ಒಂದು ಅಪ್ರೈಸಲ್ಲಿನದು, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಟ್ರೈನಿಂಗ್ ಮುಗಿಸುವುದು. ಮೊದಲು 'ಜೆಂಟಲ್ ರಿಮೈಂಡರ್' ಅಂತ ಒಂದು ಮೇಲ್ ಬರುತ್ತದೆ. ಮೂರು ದಿನ ಬಿಟ್ಟು ಅದೇ ಮೇಲು 'ಜೆಂಟಲ್' ಅನ್ನುವ ಪದ ಕಳಚಿಕೊಂಡು ಬರುತ್ತದೆ, ಈ ಸಲ ಸಿಸಿಯಲ್ಲಿ ಮ್ಯಾನೇಜರ್ ಇರುತ್ತಾರೆ. ಮೂರನೇ ಮೇಲಿನ ಹೊತ್ತಿಗೆ ಅದಕ್ಕೊಂದು ಸ್ಕ್ರೀನ್‌ಶಾಟ್ ಅಂಟಿಕೊಂಡಿರುತ್ತದೆ. ಇಡೀ ಟೀಮಿನ ಹೆಸರು, ಪ್ರತಿ ಹೆಸರಿನ ಮುಂದೆ ಒಂದೊಂದು ಪಟ್ಟಿ. ಸುಮಾರು ಹಸಿರು, ಒಂದಷ್ಟು ಹಳದಿ, ಎರಡೋ ಮೂರೋ ಕೆಂಪು. ಆ ಕೆಂಪಿನಲ್ಲಿ ನಿಮ್ಮ ಹೆಸರಿದ್ದರೆ ಸಂಜೆಯೊಳಗೆ ಯಾರಾದರೂ ಬಂದು 'ಏನ್ ಗುರು, ನಿಂದಿನ್ನೂ ರೆಡ್ಡಲ್ಲೇ ಇದ್ಯಲ್ಲ' ಅಂತ ಕೇಳೇ ಕೇಳುತ್ತಾರೆ.

ನಾನಿರುವ ಉತ್ತರಹಳ್ಳಿಯಲ್ಲಿ ಈ ಜ್ವರ ಕಣ್ಣಿಗೇ ಕಾಣುತ್ತದೆ. ಬೆಳಿಗ್ಗೆ ಬನಶಂಕರಿ ಕಡೆ ಹೋಗುವ ಬಸ್ಸಿನಲ್ಲಿ, ಕೋಣನಕುಂಟೆ ಕ್ರಾಸಿನಲ್ಲಿ ಹತ್ತುವ ಮೆಟ್ರೊದಲ್ಲಿ, ಯಾರದೋ ಕೈಯ ಮೊಬೈಲಿನಲ್ಲಿ ಮಾಹಿತಿ ಸುರಕ್ಷತೆಯ ವಿಡಿಯೊ ತನ್ನಪಾಡಿಗೆ ತಾನು ಓಡುತ್ತಿರುತ್ತದೆ. ಮೊಬೈಲಿನ ಯಜಮಾನರು ಕಣ್ಣು ಮುಚ್ಚಿರುತ್ತಾರೆ. ಇಲ್ಲಿ ಸಾಫ್ಟ್‌ವೇರಿನವರು ಮಾತ್ರ ಇಲ್ಲ. ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಯವರು, ಸರ್ಕಾರಿ ಶಾಲೆಯ ಟೀಚರುಗಳು ಎಲ್ಲರೂ ಇದ್ದಾರೆ. ರಾಜ್ಯದ ಮೇಷ್ಟ್ರುಗಳ ತರಬೇತಿಯನ್ನು ನೋಡಿಕೊಳ್ಳುವ ಡಿಎಸ್ಇಆರ್‌ಟಿ ಕಚೇರಿ ಕೂಡ ಇಲ್ಲೇ ಬನಶಂಕರಿ ಮೂರನೇ ಹಂತದಲ್ಲಿ, ಹೊಸಕೆರೆಹಳ್ಳಿಯ ರಿಂಗ್ ರೋಡಿನಲ್ಲಿದೆ. ಕೆಲಸ ಬೇರೆ ಬೇರೆ, ಸಂಬಳ ಬೇರೆ ಬೇರೆ. ಎಲ್ಲರ ತಲೆಯ ಮೇಲೂ ತೂಗುವ ಬೋರ್ಡು ಮಾತ್ರ ಒಂದೇ ಥರದ್ದು.

ಆ ಬೋರ್ಡಿನ ಹೆಸರು ಡ್ಯಾಶ್‌ಬೋರ್ಡ್. ಸಿನಿಮಾಗೆ ವಿಮರ್ಶೆ ಬರೆಯುತ್ತೇವೆ, ಪುಸ್ತಕಕ್ಕೆ ಬರೆಯುತ್ತೇವೆ, ಹೊಸದಾಗಿ ತೆರೆದ ದರ್ಶಿನಿಯ ದೋಸೆಗೂ ಬರೆಯುತ್ತೇವೆ. ನಾವು ದಿನಾ ನೋಡುವ, ನಮ್ಮನ್ನು ದಿನಾ ನೋಡುವ ಈ ಪರದೆಗೆ ಯಾಕೆ ಬರೆಯಬಾರದು? ನೌಕರರ ಕಲಿಕೆಯನ್ನು ತೋರಿಸುತ್ತೇನೆ ಅಂತ ಅದು ಹೇಳಿಕೊಳ್ಳುತ್ತದೆ. ತೋರಿಸುತ್ತದಾ? ನೋಡೋಣ.

ಹಸಿರು ಅಂದರೆ ಏನು?

ಮೊದಲ ಪ್ರಶ್ನೆ ಇದೇ. ಪಟ್ಟಿ ಹಸಿರಾಗುವುದು ಯಾವಾಗ?

ನೀವು ಕೋರ್ಸು ತೆರೆದಾಗ ಒಳಗೆ ನಡೆಯುವುದು ಬಹಳ ಸರಳ. ಕೋರ್ಸು ಮಾಡಿದವರು ಅದನ್ನೊಂದು ಕಟ್ಟಾಗಿ ಕಟ್ಟಿ ಪ್ಲಾಟ್‌ಫಾರಂಗೆ ಏರಿಸಿರುತ್ತಾರೆ. ಆ ಕಟ್ಟಿನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ: ಯಾವಾಗ 'ಮುಗಿಯಿತು' ಅಂತ ಹೇಳಬೇಕು? ಇಷ್ಟು ಸ್ಲೈಡ್ ತೆರೆದರೆ ಸಾಕಾ, ಅಥವಾ ಕೊನೆಯ ಕ್ವಿಜ್ ಪಾಸಾಗಬೇಕಾ? ನೀವು ಆ ಗೆರೆ ದಾಟಿದ ಕೂಡಲೇ ಕೋರ್ಸು ಪ್ಲಾಟ್‌ಫಾರಂಗೆ 'ಕಂಪ್ಲೀಟೆಡ್' ಅನ್ನುವ ಒಂದೇ ಒಂದು ಪದ ಕಳಿಸುತ್ತದೆ. ಪಟ್ಟಿ ಹಸಿರಾಗುತ್ತದೆ. ಅಷ್ಟೇ. ನಿಮ್ಮ ತಲೆಗೂ ಆ ಪದಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ.

ಈ ಏರ್ಪಾಟಿಗೊಂದು ಹಿನ್ನೆಲೆ ಇದೆ. 1997ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಎಡಿಎಲ್ ಅಂತ ಒಂದು ಕಾರ್ಯಕ್ರಮ ಶುರು ಮಾಡಿತು. ಒಂದು ಕಡೆ ಮಾಡಿದ ಕೋರ್ಸು ಇನ್ನೊಂದು ಕಡೆಯ ಸಿಸ್ಟಮ್ಮಿನಲ್ಲೂ ಓಡಬೇಕು ಅನ್ನುವುದು ಅವರ ಆಸೆ. ಅದರಿಂದ ಹುಟ್ಟಿದ್ದು ಸ್ಕಾರ್ಮ್ ಅನ್ನುವ ನಿಯಮಾವಳಿ. 2001ರಲ್ಲಿ ಬಂದ ಅದರ 1.2 ಆವೃತ್ತಿ ಇವತ್ತಿಗೂ ಎಷ್ಟೋ ಕಂಪನಿಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಒಂದು ಪಾಠದ ಸ್ಥಿತಿಗೆ ಆರೇ ಆರು ಉತ್ತರ: ಪಾಸ್ಡ್, ಕಂಪ್ಲೀಟೆಡ್, ಫೇಲ್ಡ್, ಇನ್‌ಕಂಪ್ಲೀಟ್, ಬ್ರೌಸ್ಡ್, ನಾಟ್ ಅಟೆಂಪ್ಟೆಡ್.

ನನಗೆ ಇದರಲ್ಲಿ ಇಷ್ಟವಾದದ್ದು 'ಬ್ರೌಸ್ಡ್'. ಅಂದರೆ ಸುಮ್ಮನೆ ಕಣ್ಣಾಡಿಸಿದ್ದು. ನಿಯಮ ಬರೆದವರಿಗೆ ಜನ ಕಣ್ಣಾಡಿಸಿ ಹೋಗುತ್ತಾರೆ ಅಂತ ಗೊತ್ತಿತ್ತು, ಅದಕ್ಕೊಂದು ಮರ್ಯಾದೆಯ ಜಾಗ ಇಟ್ಟಿದ್ದರು. 2004ರ ಆವೃತ್ತಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಮುಗಿಸಿದರಾ' ಮತ್ತು 'ತೇರ್ಗಡೆಯಾದರಾ' ಅನ್ನುವುದನ್ನು ಎರಡು ಬೇರೆ ಬೇರೆ ಕಾಲಂ ಮಾಡಿದರು. ಕೊನೇ ಪುಟ ಮುಟ್ಟುವುದು ಒಂದು, ಅರ್ಥವಾಗುವುದು ಇನ್ನೊಂದು ಅಂತ ತಂತ್ರಾಂಶದ ನಿಯಮವೇ ಒಪ್ಪಿಕೊಂಡಾಗಿತ್ತು. ಆದರೆ ಇವೆಲ್ಲ ಡ್ಯಾಶ್‌ಬೋರ್ಡಿನ ತನಕ ಬರುವಷ್ಟರಲ್ಲಿ ಹಸಿರು, ಕೆಂಪು ಎರಡೇ ಉಳಿದವು. ಮ್ಯಾನೇಜರಿಗೆ ನೋಡೋಕೆ ಸುಲಭ ಆಗಲಿ ಅಂತ.

ತರಬೇತಿಯನ್ನು ಅಳೆಯುವುದು ಹೊಸ ವಿದ್ಯೆಯೇನಲ್ಲ. 1959ರಲ್ಲೇ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರಾಧ್ಯಾಪಕ ಇದಕ್ಕೆ ನಾಲ್ಕು ಮೆಟ್ಟಿಲು ಹೇಳಿದ್ದ. ಕಲಿತವರಿಗೆ ಇಷ್ಟವಾಯಿತಾ? ಏನಾದರೂ ಕಲಿತರಾ? ಕೆಲಸದಲ್ಲಿ ಅವರ ನಡವಳಿಕೆ ಬದಲಾಯಿತಾ? ಅದರಿಂದ ಸಂಸ್ಥೆಗೆ ಏನು ಫಲ ಸಿಕ್ಕಿತು? ಎಚ್ಆರ್ ಓದಿದವರಿಗೆಲ್ಲ ಇದು ಬಾಯಿಪಾಠ. ಈಗ ಲೆಕ್ಕ ಹಾಕಿ, ಹಸಿರು ಪಟ್ಟಿ ಯಾವ ಮೆಟ್ಟಿಲ ಮೇಲಿದೆ? ಯಾವುದರ ಮೇಲೂ ಇಲ್ಲ. 'ಮುಗಿಸಿದ' ಅಂದರೆ ಇಷ್ಟವಾಯಿತು ಅಂತಲೂ ಅಲ್ಲ. ಮದುವೆಮನೆಯ ಹೊರಗೆ ಚಪ್ಪಲಿ ಎಣಿಸಿ ಊಟ ಚೆನ್ನಾಗಿತ್ತು ಅಂತ ವರದಿ ಬರೆದ ಹಾಗಾಯಿತು ಇದು.

ಎಣಿಸಿದ್ದೇ ಬೆಳೆಯುತ್ತದೆ

ಎಣಿಸುವುದನ್ನು ಗುರಿ ಮಾಡಿಬಿಟ್ಟರೆ ಜನ ಎಣಿಕೆಯನ್ನೇ ಬೆಳೆಸುತ್ತಾರೆ, ಆಮೇಲೆ ಆ ಎಣಿಕೆಯಿಂದ ಏನೂ ತಿಳಿಯುವುದಿಲ್ಲ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ ಮಾತಿನ ಸಾರ ಇದು. ನಮ್ಮ ಕ್ಯುಬಿಕಲ್ಲುಗಳಲ್ಲಿ ಇದಕ್ಕೆ ಅರ್ಥಶಾಸ್ತ್ರ ಬೇಕಾಗಿಲ್ಲ. ವಿಡಿಯೊವನ್ನು ಎರಡು ಪಟ್ಟು ವೇಗದಲ್ಲಿ ಓಡಿಸುವುದು, ಇನ್ನೊಂದು ಟ್ಯಾಬಿನಲ್ಲಿ ಮ್ಯೂಟ್ ಮಾಡಿಟ್ಟು ಕೋಡ್ ಬರೆಯುವುದು, ಕ್ವಿಜ್ಜಿನ ಉತ್ತರಗಳ ಫೋಟೊ ವಾಟ್ಸ್ಯಾಪ್ ಗ್ರೂಪಿನಲ್ಲಿ ಬರುವುದು, ಇವೆಲ್ಲ ಯಾರಿಗೆ ಗೊತ್ತಿಲ್ಲ ಹೇಳಿ? ಇದನ್ನು ಸೋಮಾರಿತನ ಅಂತ ಬೈಯುವವರಿದ್ದಾರೆ. ನಾನು ಬೈಯಲಾರೆ. ಕೊನೇ ಸ್ಲೈಡು ಮುಟ್ಟಿದರೆ ಸಾಕು ಅಂತ ಬೋರ್ಡೇ ಹೇಳುತ್ತಿರುವಾಗ ಜನ ಹತ್ತಿರದ ದಾರಿ ಹಿಡಿಯುತ್ತಾರೆ. ನಾವೆಲ್ಲ ಕನಕಪುರ ರೋಡ್ ಜಾಮಾದರೆ ಗಲ್ಲಿ ಹುಡುಕುವ ಊರಿನವರು.

ಇದರ ಇನ್ನೊಂದು ಮುಖ ಹೆಚ್ಚು ಬೇಜಾರಿನದು. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ನಮ್ಮ ಟೀಮಿನಲ್ಲೊಬ್ಬರು ಹಿರಿಯ ಎಂಜಿನಿಯರ್ ಮೇಡಂ ಇದ್ದರು. ಡೇಟಾಬೇಸ್ ನಿಧಾನವಾಯಿತು ಅಂದರೆ ಎಲ್ಲರೂ ಓಡುವುದು ಅವರ ಹತ್ತಿರ. ಹೊಸಬರನ್ನು ಪಕ್ಕ ಕೂರಿಸಿಕೊಂಡು ಲಾಗ್ ಓದುವುದು ಹೇಗೆ ಅಂತ ತೋರಿಸುತ್ತಿದ್ದರು. ಒಂದು ಗಂಟೆ ಅವರ ಪಕ್ಕ ಕೂತರೆ ಒಂದು ವಾರದ ಕೋರ್ಸಿಗೆ ಸಮ. ಆ ವರ್ಷದ ಬೋರ್ಡಿನಲ್ಲಿ ಅವರ ಹೆಸರು ಕೆಂಪು. 'ಪರಿಣಾಮಕಾರಿ ಸಂವಹನ' ಅನ್ನುವ ಕೋರ್ಸು ಮುಗಿಸಿರಲಿಲ್ಲ! ಅವರಿಂದ ಕಲಿತ ಹುಡುಗರೆಲ್ಲ ಹಸಿರು. ಕಲಿಸಿದ್ದನ್ನು ಹಾಕೋಕೆ ಆ ಬೋರ್ಡಿನಲ್ಲಿ ಕಾಲಂ ಇರಲಿಲ್ಲ, ಹಾಗಾಗಿ ಅದು ನಡೆಯಲೇ ಇಲ್ಲ ಅಂತ ಲೆಕ್ಕ. ಅಪ್ರೈಸಲ್ಲಿನಲ್ಲಿ 'ಲರ್ನಿಂಗ್ ಗೋಲ್ಸ್ ನಾಟ್ ಮೆಟ್' ಅಂತ ಒಂದು ಸಾಲು ಬಂತು. ಅವರೇನೂ ಜಗಳ ಆಡಲಿಲ್ಲ. ಮುಂದಿನ ಕ್ವಾರ್ಟರಿನಲ್ಲಿ ಎಲ್ಲಾ ಕೋರ್ಸು ಮುಗಿಸಿದರು, ಹೊಸಬರನ್ನು ಪಕ್ಕ ಕೂರಿಸಿಕೊಳ್ಳುವುದು ಕಡಿಮೆ ಮಾಡಿದರು. ಬೋರ್ಡಿನ ಪ್ರಕಾರ ಟೀಮು ಸುಧಾರಿಸಿತು.

ಕೆಸರಿಗೆ ಅಡ್ಡ ಹಲಗೆ

ಡ್ಯಾಶ್‌ಬೋರ್ಡ್ ಅನ್ನುವ ಪದದ ಮೂಲ ಗೊತ್ತಾ? ಕಾರಿಗಿಂತ ಹಳೇದು ಅದು. ಕುದುರೆಗಾಡಿಯ ಮುಂಭಾಗದಲ್ಲಿ ಅಡ್ಡಲಾಗಿ ಒಂದು ಹಲಗೆ ಇರುತ್ತಿತ್ತು. ಕುದುರೆ ಓಡುವಾಗ ಗೊರಸಿನಿಂದ ಚಿಮ್ಮುವ ಕೆಸರು ಗಾಡಿಯಲ್ಲಿ ಕೂತವರಿಗೆ ಸಿಡಿಯಬಾರದು ಅಂತ ಇಟ್ಟ ಹಲಗೆ. ಆಮೇಲೆ ಮೋಟಾರು ಬಂದು, ಆ ಹಲಗೆಯ ಜಾಗದಲ್ಲಿ ಮೀಟರುಗಳು ಬಂದು ಕೂತವು. ಹೆಸರು ಮಾತ್ರ ಹಾಗೇ ಉಳಿಯಿತು.

ಕಂಪನಿಯ ಟ್ರೈನಿಂಗ್ ಡ್ಯಾಶ್‌ಬೋರ್ಡ್ ನೋಡಿದಾಗೆಲ್ಲ ನನಗೆ ಆ ಹಳೇ ಅರ್ಥವೇ ಸರಿ ಅನ್ನಿಸುತ್ತದೆ. ಒಳಗೆ ಕೂತವರಿಗೆ ಕೆಸರು ಸಿಡಿಯದ ಹಾಗೆ ನೋಡಿಕೊಳ್ಳುವುದೇ ಅದರ ಮುಖ್ಯ ಕೆಲಸ.

ಒಂದು ಉದಾಹರಣೆ ಕೊಡುತ್ತೇನೆ, ಇದು ತಮಾಷೆಯದ್ದಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ, ನಾವೆಲ್ಲ ಪಾಶ್ ಅಂತ ಕರೆಯುವುದು, ಬಂದದ್ದು 2013ರಲ್ಲಿ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಬೇಕು, ಅದಕ್ಕೆ ಹಿರಿಯ ಮಹಿಳಾ ಉದ್ಯೋಗಿಯೊಬ್ಬರು ಅಧ್ಯಕ್ಷರಾಗಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ಆ ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿ ಮಾಲೀಕರ ಕರ್ತವ್ಯಗಳ ಪಟ್ಟಿ ಇದೆ. ಆಗಾಗ ನೌಕರರಿಗೆ ಅರಿವು ಮೂಡಿಸುವ ಕಾರ್ಯಕ್ರಮ ನಡೆಸಬೇಕು, ಸಮಿತಿಯ ವಿವರವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬೇಕು ಅನ್ನುವುದೂ ಅದರಲ್ಲಿದೆ. ಕಾನೂನಿನ ಉದ್ದೇಶ ಸ್ಪಷ್ಟ: ತೊಂದರೆಯಾದ ಹೆಣ್ಣುಮಗಳಿಗೆ ಎಲ್ಲಿ ಹೋಗಬೇಕು ಅಂತ ಗೊತ್ತಿರಬೇಕು.

ಕಂಪನಿಗಳು ಇದನ್ನು ವರ್ಷಕ್ಕೊಂದು ನಲವತ್ತು ನಿಮಿಷದ ಕೋರ್ಸು ಮಾಡಿಕೊಂಡವು. ನಮ್ಮಲ್ಲೂ ಇತ್ತು. ನಮ್ಮ ಫ್ಲೋರು ನೂರಕ್ಕೆ ನೂರು ಹಸಿರು. ಒಂದು ದಿನ ಪಕ್ಕದ ಟೀಮಿನ ಹುಡುಗಿ, ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ, ಕ್ಯಾಂಟೀನಿನಲ್ಲಿ ನಮ್ಮ ಜೊತೆ ಕೂತಿದ್ದ ಒಬ್ಬರನ್ನು ಮೆಲ್ಲಗೆ ಕೇಳಿದಳು: 'ಮೇಡಂ, ಇಂಥದ್ದೇನಾದ್ರೂ ಆದ್ರೆ ಯಾರ ಹತ್ರ ಹೇಳ್ಬೇಕು?' ಟೇಬಲ್ಲಿನಲ್ಲಿದ್ದವರೆಲ್ಲ ಕೋರ್ಸು ಮುಗಿಸಿದವರು. ಸಮಿತಿಯ ಅಧ್ಯಕ್ಷರ ಹೆಸರು ಒಬ್ಬರಿಗೂ ಬಾಯಿಗೆ ಬರಲಿಲ್ಲ. ದೂರು ಕೊಡಲು ಕಾನೂನು ಸಾಮಾನ್ಯವಾಗಿ ಕೊಡುವ ಕಾಲಾವಕಾಶ ಮೂರು ತಿಂಗಳು ಅನ್ನುವುದೂ ಗೊತ್ತಿರಲಿಲ್ಲ. ಇಂಟ್ರಾನೆಟ್ಟಿನಲ್ಲಿ ಹುಡುಕಿದಾಗ ಸಿಕ್ಕ ಪಟ್ಟಿಯಲ್ಲಿದ್ದವರೊಬ್ಬರು ಕೆಲಸ ಬಿಟ್ಟು ವರ್ಷವಾಗಿತ್ತು.

ಆ ಹುಡುಗಿಗೆ ಬೇಕಾಗಿದ್ದು ಒಂದು ಹೆಸರು, ಒಂದು ಫೋನ್ ನಂಬರು. ಕಂಪನಿಗೆ ಬೇಕಾಗಿದ್ದು, ನಾಳೆ ಯಾರಾದರೂ ಕೇಳಿದರೆ ತೋರಿಸಲು 'ನೋಡಿ, ನಾವು ಎಲ್ಲರಿಗೂ ಟ್ರೈನಿಂಗ್ ಕೊಟ್ಟಿದ್ದೇವೆ' ಅನ್ನುವ ಪರದೆ. ಬೋರ್ಡು ಎರಡನೆಯದನ್ನು ಚೆನ್ನಾಗಿ ಮಾಡಿತು. ಹಲಗೆ ಗಟ್ಟಿಯಾಗಿತ್ತು, ಕೆಸರು ಬಿದ್ದದ್ದು ಹೊರಗೆ ನಡೆಯುತ್ತಿದ್ದವರ ಮೇಲೆ.

ಲಕ್ಷಗಳ ಲೆಕ್ಕ

ಹಾಗಂತ ಬೋರ್ಡೇ ಬೇಡ ಅಂದುಬಿಡುವುದು ಸುಲಭ, ನ್ಯಾಯ ಅಲ್ಲ. ಹತ್ತು ಜನರ ಟೀಮಿಗೆ ಬೋರ್ಡು ಬೇಡ, ಎದ್ದು ನಿಂತು ನೋಡಿದರೆ ಸಾಕು. ಲಕ್ಷಾಂತರ ಜನ ಇದ್ದರೆ?

ಕೇಂದ್ರ ಸರ್ಕಾರ 2019ರ ಆಗಸ್ಟಿನಲ್ಲಿ ನಿಷ್ಠಾ ಅನ್ನುವ ಶಿಕ್ಷಕರ ತರಬೇತಿ ಶುರು ಮಾಡಿದಾಗ ಗುರಿ ಇಟ್ಟುಕೊಂಡಿದ್ದು ದೇಶದ ಸುಮಾರು 42 ಲಕ್ಷ ಜನರಿಗೆ. ಕೊರೊನಾ ಬಂತು, ಮುಖಾಮುಖಿ ತರಬೇತಿ ನಿಂತಿತು. 2020ರ ಅಕ್ಟೋಬರಿನಲ್ಲಿ ಅದನ್ನು 18 ಮಾಡ್ಯೂಲುಗಳಾಗಿ ದೀಕ್ಷಾ ಪ್ಲಾಟ್‌ಫಾರಂಗೆ ತಂದರು. ಅದೇ ವರ್ಷ ಸೆಪ್ಟೆಂಬರ್ 2ರಂದು ಕೇಂದ್ರ ಸಂಪುಟ ಮಿಷನ್ ಕರ್ಮಯೋಗಿಗೆ ಒಪ್ಪಿಗೆ ಕೊಟ್ಟಿತು: ಸುಮಾರು 46 ಲಕ್ಷ ಕೇಂದ್ರ ನೌಕರರು, ಐದು ವರ್ಷಕ್ಕೆ 510.86 ಕೋಟಿ ರೂಪಾಯಿ. ಇವೆರಡರ ಅಡಿಯಲ್ಲೂ ಇರುವುದು ಸನ್‌ಬರ್ಡ್ ಎಂಬ ಓಪನ್ ಸೋರ್ಸ್ ತಂತ್ರಾಂಶ. ಅದನ್ನು ಕಟ್ಟಿ ಹೊರಗೆ ಬಿಟ್ಟದ್ದು ನಮ್ಮ ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್.

ಇಷ್ಟು ದೊಡ್ಡ ಲೆಕ್ಕದಲ್ಲಿ ಬೋರ್ಡಿನ ಉಪಯೋಗ ಕಡೆಗಣಿಸುವಂಥದ್ದಲ್ಲ. ಹಿಂದೆಲ್ಲ ತರಬೇತಿ ಮೇಲಿನಿಂದ ಕೆಳಕ್ಕೆ ಇಳಿದು ಬರುತ್ತಿತ್ತು. ದೆಹಲಿಯಲ್ಲಿ ಕಲಿತವರು ರಾಜ್ಯದವರಿಗೆ, ರಾಜ್ಯದವರು ಜಿಲ್ಲೆಗೆ, ಜಿಲ್ಲೆಯವರು ತಾಲ್ಲೂಕಿಗೆ. ಕೊನೆಗೆ ಬೀದರಿನ ಹಳ್ಳಿಯ ಟೀಚರಿಗೆ ತಲುಪುವಷ್ಟರಲ್ಲಿ ಸಾರು ತಿಳಿಯಾಗಿ ನೀರಾಗಿರುತ್ತಿತ್ತು. ಯಾರಿಗೆ ತಲುಪಿಲ್ಲ ಅಂತಲೂ ಗೊತ್ತಾಗುತ್ತಿರಲಿಲ್ಲ. ಈಗ ಒಂದು ತಾಲ್ಲೂಕಿನಲ್ಲಿ ಅರ್ಧ ಜನ ಕೋರ್ಸು ತೆರೆದೇ ಇಲ್ಲ ಅಂದರೆ ಬೋರ್ಡು ಅವತ್ತೇ ಹೇಳುತ್ತದೆ. ನೆಟ್‌ವರ್ಕ್ ಇಲ್ಲವಾ, ಫೋನ್ ಇಲ್ಲವಾ, ಭಾಷೆ ಅರ್ಥವಾಗುತ್ತಿಲ್ಲವಾ ಅಂತ ಹೋಗಿ ಕೇಳಬಹುದು. ಕೆಂಪನ್ನು ಪ್ರಶ್ನೆ ಅಂತ ಓದುವ ಅಧಿಕಾರಿ ಇದ್ದರೆ ಈ ಬೋರ್ಡಿಗಿಂತ ಒಳ್ಳೆ ಸಾಧನ ಇಲ್ಲ. ಕೆಂಪನ್ನು ತಪ್ಪು ಅಂತ ಓದುವವರ ಕೈಗೆ ಸಿಕ್ಕರೆ ಅದೇ ನೋಟೀಸು.

ಯಾವ ರೀತಿ ಓದಬೇಕು ಅನ್ನುವುದನ್ನು ಬೋರ್ಡಿನ ಗುರಿಯೇ ಕಲಿಸುತ್ತದೆ. 2024ರ ಅಕ್ಟೋಬರ್ 19ರಿಂದ ಕರ್ಮಯೋಗಿ ಸಪ್ತಾಹ ನಡೆಯಿತು, ಪ್ರತಿಯೊಬ್ಬರೂ ಕನಿಷ್ಠ ನಾಲ್ಕು ಗಂಟೆ ಕಲಿಯಬೇಕು ಅನ್ನುವುದು ಗುರಿ. ಉದ್ದೇಶ ಒಳ್ಳೆಯದೇ, ನಮ್ಮ ಕಚೇರಿಗಳಲ್ಲಿ ಕಲಿಕೆಗೆ ನಾಲ್ಕು ಗಂಟೆ ಬಿಡುವು ಸಿಗುವುದೇ ಅಪರೂಪ. ಆದರೆ ಗುರಿಯನ್ನು ಗಂಟೆಯಲ್ಲಿ ಹೇಳಿದರೆ ಲೆಕ್ಕ ಸಿಗುವುದೂ ಗಂಟೆಯಲ್ಲೇ. ಬೇಗ ಅರ್ಥ ಮಾಡಿಕೊಂಡವನಿಗೂ ನಾಲ್ಕು ಗಂಟೆ, ಅರ್ಥವಾಗದೆ ಒದ್ದಾಡಿದವನಿಗೂ ನಾಲ್ಕು ಗಂಟೆ.

ಹಾಗಾದರೆ ಬೇರೆ ಏನನ್ನೂ ದಾಖಲಿಸಲು ಆಗುವುದೇ ಇಲ್ಲವಾ? ಆಗುತ್ತದೆ. ಸನ್‌ಬರ್ಡಿನ ಕೋಡು ಯಾರು ಬೇಕಾದರೂ ಓದುವ ಹಾಗಿದೆ. ಪುಟ ತೆರೆದದ್ದು, ಒತ್ತಿದ್ದು, ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ಟದ್ದು, ಅಭಿಪ್ರಾಯ ಹೇಳಿದ್ದು ಎಲ್ಲವನ್ನೂ ಬೇರೆ ಬೇರೆ ಘಟನೆಗಳಾಗಿ ಬರೆದಿಡುವ ಏರ್ಪಾಟು ಅದರಲ್ಲಿದೆ. ಖಾಸಗಿ ಪ್ಲಾಟ್‌ಫಾರಂಗಳೂ ಇದನ್ನು ಮಾಡಬಲ್ಲವು. ಅಂದರೆ ಮಾಹಿತಿಯ ಕೊರತೆ ಇಲ್ಲ. ಯಾವುದನ್ನು ಮೇಲೆ ತರಬೇಕು, ಯಾರಿಗೆ ತೋರಿಸಬೇಕು ಅನ್ನುವುದು ಒಂದು ಆಯ್ಕೆ. ನಮ್ಮ ಬೋರ್ಡುಗಳು ಹೀಗಿರುವುದು ಯಾರೋ ಹೀಗಿರಲಿ ಅಂತ ಕೇಳಿದ್ದರಿಂದ.

ಐದು ತಟ್ಟೆ

ಇಷ್ಟೆಲ್ಲ ಒಂದು ಭಾನುವಾರ ಮನೆಯಲ್ಲಿ ಗೊಣಗುತ್ತಿದ್ದಾಗ ನಮ್ಮ ಅತ್ತಿಗೆ ನಕ್ಕರು. ಅವರು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. 'ಅಲ್ಲಪ್ಪಾ, ಮುಗಿಸಿದ್ರು ಅಂತ ಗೊತ್ತಾದ್ರೆ ಏನ್ ಮಾಡ್ತೀರ ಅದನ್ನ? ಯಾರನ್ನ ಯಾರ ಪಕ್ಕ ಕೂರಿಸ್ಬೇಕು ಅಂತ ಗೊತ್ತಾಗ್ಬೇಕಲ್ವಾ?' ಅಂದರು. ಎಲ್‌ಎಂಎಸ್ ಮಾರುವವರ ಎಷ್ಟೋ ಡೆಮೊಗಳನ್ನು ನೋಡಿದ್ದೇನೆ, ಈ ಪ್ರಶ್ನೆಯನ್ನು ಒಬ್ಬರೂ ಕೇಳಿದ್ದಿಲ್ಲ.

ನಲಿ-ಕಲಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ತಮ್ಮ ಶಾಲೆಗಳಲ್ಲಿ ಅದನ್ನು ತಮ್ಮದೇ ರೀತಿಯಲ್ಲಿ ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಅಲ್ಲಿ ಪಾಠಪುಸ್ತಕದ ಬದಲು ಕಾರ್ಡುಗಳು. ಗೋಡೆಯಲ್ಲೊಂದು ಕಲಿಕಾ ಏಣಿ. ಏಣಿಯಲ್ಲಿ ಮೈಲಿಗಲ್ಲುಗಳು, ಪ್ರತಿ ಮೆಟ್ಟಿಲಿಗೊಂದು ಚಿತ್ರದ ಗುರುತು. ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಅಂತ ತಾನೇ ನೋಡಿ, ಆ ಗುರುತಿನ ಕಾರ್ಡು ತೆಗೆದುಕೊಂಡು ಹೋಗಿ ಕೂರುತ್ತದೆ.

ಎಲ್ಲಿ ಕೂರುತ್ತದೆ ಅನ್ನುವುದೇ ಮುಖ್ಯ. ತರಗತಿಯಲ್ಲಿ ಐದು ಗುಂಪುಗಳು, ಒಂದೊಂದಕ್ಕೂ ಒಂದು ತಟ್ಟೆ. ಮೊದಲನೆಯದರಲ್ಲಿ ಪೂರ್ತಿ ಟೀಚರ್ ಸಹಾಯ. ಎರಡನೆಯದರಲ್ಲಿ ಟೀಚರ್ ಸಹಾಯ ಸ್ವಲ್ಪ. ಮೂರನೆಯದರಲ್ಲಿ ಜೊತೆಯ ಮಕ್ಕಳ ಸಹಾಯ, ನಾಲ್ಕನೆಯದರಲ್ಲಿ ಅದೂ ಸ್ವಲ್ಪ. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಜೊತೆಗೆ ಗೋಡೆಯ ಮೇಲೆ ಪ್ರಗತಿನೋಟ, ಯಾವ ಮಗು ಎಲ್ಲಿದೆ ಅಂತ ಮಗುವಿಗೂ ಟೀಚರಿಗೂ ಕಾಣುವ ಹಾಗೆ. ಸುಗ್ಗಿಗೆ ಅಂತ ಹದಿನೈದು ದಿನ ಶಾಲೆ ತಪ್ಪಿಸಿದ ಮಗು ವಾಪಸ್ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಅದರ ಹೆಸರಿನ ಮುಂದೆ 'ಓವರ್‌ಡ್ಯೂ' ಅಂತ ಕೆಂಪಕ್ಷರ ಇಲ್ಲ.

ಇದೂ ಕಲಿಕೆಯ ಡ್ಯಾಶ್‌ಬೋರ್ಡೇ ತಾನೆ? ಕಾಗದದ್ದು, ಬಣ್ಣದ ಪೆನ್ಸಿಲಿನದು. ನಮ್ಮ ಕಂಪನಿಯ ಬೋರ್ಡಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ನಮ್ಮ ಬೋರ್ಡು ಹೇಳುವುದು ಎಷ್ಟು ಮುಗಿಯಿತು ಅಂತ. ಈ ಬೋರ್ಡು ಹೇಳುವುದು ಎಷ್ಟು ಸಹಾಯ ಬೇಕು, ಯಾರಿಂದ ಬೇಕು ಅಂತ. ನಮ್ಮದನ್ನು ಮೊದಲು ನೋಡುವವರು ಮ್ಯಾನೇಜರು, ಇದನ್ನು ಮೊದಲು ನೋಡುವುದು ಕಲಿಯುವ ಮಗು. ನಮ್ಮದನ್ನು ನೋಡಿದ ಮೇಲೆ ಹೋಗುವುದು ಒಂದು ಮೇಲ್, ಇದನ್ನು ನೋಡಿದ ಮೇಲೆ ಟೀಚರ್ ಎದ್ದು ಹೋಗಿ ಒಂದು ಮಗುವಿನ ಪಕ್ಕ ಕೂರುತ್ತಾರೆ.

ನಲಿ-ಕಲಿಯನ್ನು ನಾನು ದೇವರ ಪಟ ಮಾಡಲು ಹೊರಟಿಲ್ಲ. ಮಕ್ಕಳು ಜಾಸ್ತಿಯಾಗಿ ಟೀಚರ್ ಒಬ್ಬರೇ ಇದ್ದರೆ, ಕಾರ್ಡು ಹರಿದುಹೋಗಿದ್ದರೆ, ದಾಖಲೆ ತುಂಬುವುದೇ ದಿನದ ಕೆಲಸವಾದರೆ ಆ ಏಣಿಯೂ ಇನ್ನೊಂದು ಹಸಿರು ಪಟ್ಟಿ ಆಗಿಬಿಡುತ್ತದೆ. ಅತ್ತಿಗೆಯೇ ಅದನ್ನು ಹೇಳುತ್ತಾರೆ. ಆದರೆ ಅದರ ಮೂಲದಲ್ಲಿರುವ ಯೋಚನೆ ನಮ್ಮ ಕೋಟಿಗಟ್ಟಲೆ ರೂಪಾಯಿಯ ತಂತ್ರಾಂಶಗಳಿಗಿಂತ ಮುಂದಿದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಬೋರ್ಡನ್ನು ತಿರುಗಿಸಿ

ಬರೀ ದೂರಿದರೆ ಆಯಿತಾ? ನನ್ನ ಕೈಗೆ ಕೊಟ್ಟರೆ ನಾನು ಮಾಡುವ ಬದಲಾವಣೆ ನಾಲ್ಕು. ಒಂದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ.

ಒಂದು, ಗೊತ್ತಿದ್ದವರನ್ನು ಬಿಟ್ಟುಬಿಡಿ. ಕೋರ್ಸಿನ ಕೊನೆಯ ಪರೀಕ್ಷೆಯನ್ನು ಮೊದಲೇ ಬರೆಯಲು ಕೊಡಿ. ಪಾಸಾದರೆ ಆ ನಲವತ್ತು ನಿಮಿಷ ಅವರಿಗೆ ವಾಪಸ್. ಹತ್ತು ವರ್ಷದಿಂದ ಪಾಸ್‌ವರ್ಡ್ ಸುರಕ್ಷತೆಯ ಅದೇ ವಿಡಿಯೊ ನೋಡುತ್ತಿರುವ ಸೆಕ್ಯುರಿಟಿ ಎಂಜಿನಿಯರುಗಳು ನಿಮ್ಮ ಹೆಸರು ಹೇಳಿ ದೀಪ ಹಚ್ಚುತ್ತಾರೆ.

ಎರಡು, ಬೋರ್ಡನ್ನು ನೌಕರರ ಕಡೆಯಿಂದ ಕೋರ್ಸಿನ ಕಡೆಗೆ ತಿರುಗಿಸಿ. ಒಂದು ಪ್ರಶ್ನೆಗೆ ಹೆಚ್ಚಿನವರು ಮೊದಲ ಸಲ ತಪ್ಪು ಉತ್ತರ ಕೊಟ್ಟರೆ ಆ ಪ್ರಶ್ನೆಯೋ ಆ ಪಾಠವೋ ಸರಿ ಇಲ್ಲ. ಎಲ್ಲರೂ ಏಳನೇ ನಿಮಿಷದಲ್ಲಿ ವಿಡಿಯೊ ನಿಲ್ಲಿಸುತ್ತಿದ್ದರೆ ಏಳನೇ ನಿಮಿಷದಲ್ಲಿ ಏನಿದೆ ಅಂತ ನೋಡಬೇಕಾದವರು ಕೋರ್ಸು ಮಾಡಿದವರು. ಕೆಂಪು ಬಣ್ಣ ಅವರ ಹೆಸರಿನ ಮುಂದೂ ಒಂದು ಸಲ ಬರಲಿ.

ಮೂರು, ಒಂದು ತಿಂಗಳು ಬಿಟ್ಟು ಮೂರೇ ಮೂರು ಪ್ರಶ್ನೆ ಕೇಳಿ. ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ತಾನೆಷ್ಟು ಬೇಗ ಮರೆಯುತ್ತೇನೆ ಅಂತ ತನ್ನ ಮೇಲೇ ಪ್ರಯೋಗ ಮಾಡಿ ಪುಸ್ತಕ ಬರೆದದ್ದು 1885ರಲ್ಲಿ. ಕಲಿತದ್ದರ ದೊಡ್ಡ ಪಾಲು ಮೊದಲ ಕೆಲವು ದಿನಗಳಲ್ಲೇ ಹೋಗುತ್ತದೆ, ಮತ್ತೆ ಮತ್ತೆ ನೆನಪಿಸಿದರೆ ಉಳಿಯುತ್ತದೆ. ಮಾರ್ಚ್ 28ಕ್ಕೆ ಹಸಿರಾದದ್ದು ಏಪ್ರಿಲ್ 28ಕ್ಕೂ ಹಸಿರಿದೆಯಾ ಅಂತ ನೋಡದ ಬೋರ್ಡು ಕ್ಯಾಲೆಂಡರ್ ಅಷ್ಟೇ. ಪಾಶ್ ಕೋರ್ಸಿನ ಮೂರು ಪ್ರಶ್ನೆ ನಾನೇ ಕೊಡುತ್ತೇನೆ: ನಮ್ಮ ಸಮಿತಿಯ ಅಧ್ಯಕ್ಷರು ಯಾರು? ಅವರನ್ನು ಸಂಪರ್ಕಿಸುವುದು ಹೇಗೆ? ಎಷ್ಟು ದಿನದೊಳಗೆ?

ನಾಲ್ಕು, ಅತ್ತಿಗೆಯ ಕಾಲಂ. ಪ್ರತಿಯೊಬ್ಬರ ಪುಟದಲ್ಲಿ ಅವರೇ ತುಂಬುವ ಎರಡು ಖಾನೆ: ನನಗೆ ಎಲ್ಲಿ ಸಹಾಯ ಬೇಕು, ನಾನು ಯಾರಿಗೆ ಸಹಾಯ ಮಾಡಬಲ್ಲೆ. ಇದನ್ನು ಅಪ್ರೈಸಲ್ಲಿಗೆ ಮಾತ್ರ ಜೋಡಿಸಬಾರದು. ಜೋಡಿಸಿದ ದಿನವೇ 'ನನಗೆ ಯಾವ ಸಹಾಯವೂ ಬೇಡ' ಅಂತ ಎಲ್ಲರೂ ಬರೆಯುತ್ತಾರೆ. ಅದೂ ನೂರಕ್ಕೆ ನೂರು ಹಸಿರಾಗುತ್ತದೆ.

ಇದರಲ್ಲಿ ನಾಲ್ಕನೆಯದನ್ನು ಈಗಿರುವ ಕಂಪನಿಯ ಟ್ರೈನಿಂಗ್ ತಂಡದವರಿಗೆ ಬರೆದು ಕೊಟ್ಟೆ. ಅವರು ಒಳ್ಳೆಯವರು, ಕೂತು ಓದಿದರು. 'ಸರ್, ಐಡಿಯಾ ಚೆನ್ನಾಗಿದೆ, ಆದ್ರೆ ಇದನ್ನ ಪರ್ಸೆಂಟೇಜಲ್ಲಿ ಹೇಗೆ ತೋರಿಸೋದು?' ಅಂತ ಕೇಳಿದರು. ಪರ್ಸೆಂಟೇಜಲ್ಲಿ ತೋರಿಸೋದು ಬೇಡ, ಒಂದು ಪಟ್ಟಿ ಮಾಡಿ ಟೀಮಿನ ಎಲ್ಲರಿಗೂ ಕಾಣುವ ಹಾಗೆ ಇಡಿ ಅಂದೆ. ಮುಂದಿನ ಕ್ವಾರ್ಟರಿನಲ್ಲಿ ನೋಡೋಣ ಅಂದಿದ್ದಾರೆ. ಅಲ್ಲಿಯ ತನಕ ನಮ್ಮ ಟೀಮಿನ ಹತ್ತು ಜನ ಬೋರ್ಡಿಗೆ ಕಾಯದೆ ಒಂದು ವೈಟ್‌ಬೋರ್ಡಿನಲ್ಲಿ ಆ ಎರಡು ಖಾನೆ ಎಳೆದುಕೊಂಡಿದ್ದೇವೆ. ಮೊದಲ ವಾರ ಸಹಾಯ ಬೇಕು ಅನ್ನುವ ಖಾನೆ ಖಾಲಿ ಇತ್ತು. ಎರಡನೇ ವಾರ ಎಲ್ಲರಿಗಿಂತ ಚಿಕ್ಕ ಹುಡುಗ ಒಬ್ಬ ತನ್ನ ಹೆಸರು ಬರೆದ. ಈಗ ಅಲ್ಲಿ ಆರು ಹೆಸರಿವೆ.